ಕಾಲು ಅಂಗುಲ

ಅಜ್ಜನ ಜೋಡುನಳಿಗೆ ರೈಫಲ್ಲಿಗೆ ತೋಟಾ ಹುಡುಕುವ ಕೆಲಸವನ್ನು ನಾನು ತಲೆಕೆಳಗಾಗಿ ಶುರುಮಾಡಿದೆ. ನಳಿಗೆಯ ಅಡಿಯಲ್ಲಿ 450/400 ಎಂಬ ಗುರುತಿತ್ತು. ಮದ್ದಿನ ತೂಕ, ಗುಂಡಿನ ತೂಕವೂ ಇದ್ದವು. ತೋಟಾದ ಕೇಸಿನ ಉದ್ದ ಮಾತ್ರ ಇರಲಿಲ್ಲ. ಪೆಟ್ಟಿಗೆಯಲ್ಲಿ ಸಿಕ್ಕ ಖಾಲಿ ಡಬ್ಬಿಯ ಮೇಲೆ 3¼ ಅಂಗುಲ ಎಂದಿದ್ದನ್ನು ನಂಬಿಬಿಟ್ಟೆ. ಕೊಡಗಿನ ಕಾಫಿ ತೋಟದ ಮನೆಗಳಲ್ಲಿ ಇಂಥ ಡಬ್ಬಿ ಯಾರ ಕೋವಿಯದೂ ಆಗಿರಬಹುದು.

ಇಂಗ್ಲೆಂಡಿನ ಕೈನಾಕ್ ಕಂಪನಿ ಈ ಜಾತಿಯ ತೋಟಾಗಳನ್ನು 1960ರ ದಶಕದಲ್ಲೇ ನಿಲ್ಲಿಸಿತ್ತು. ಹಾಗಾಗಿ ಲೈಸೆನ್ಸ್ ಇರುವ ಅಂಗಡಿಯೊಂದರಲ್ಲಿ ಹಳೆಯ ದಾಸ್ತಾನು ಸಿಕ್ಕಾಗ ಬೆಲೆ ನೋಡದೆ ತಂದೆ. ತೋಟಾ ಪೂರ್ತಿ ಒಳಗೆ ಹೋಗಲಿಲ್ಲ, ಕೋವಿ ಮುಚ್ಚಲಿಲ್ಲ. ಕೇಸಿನ ಬಾಯಿ ಕತ್ತರಿಸಿದರೆ ಸರಿಹೋದೀತೆಂದು ಕೋವಿ ರಿಪೇರಿಯವರ ಬಳಿ ಒಯ್ದೆ.

"ಇದರ ಹೆಗಲೇ ಬೇರೆ ಕಡೆ ಇದೆ, ಅಂಚಿನ ದಪ್ಪವೂ ಬೇರೆ. ಮೊದಲು ಕೋವಿ ಅಳೀಬೇಕು ಸಾರ್, ಆಮೇಲೆ ತೋಟಾ" ಎಂದರು.

ಅಳೆದದ್ದು ಸೆರೊಸೇಫ್ ಎಂಬ ಬಿಸ್ಮತ್ ಮಿಶ್ರಲೋಹದಿಂದ. ನೀರು ಕುದಿಯುವ ಶಾಖಕ್ಕಿಂತ ಕಡಿಮೆಯಲ್ಲೇ ಅದು ಕರಗುತ್ತದೆ. ನಳಿಗೆಯೊಳಗೆ ಬಟ್ಟೆ ತುರುಕಿ, ತೋಟಾ ಕೂರುವ ಚೇಂಬರಿಗೆ ಸುರಿಯಬೇಕು. ಮೊದಲ ಅರ್ಧ ಗಂಟೆ ಕುಗ್ಗುತ್ತದೆ, ಆಗ ಹೊರತೆಗೆಯಬೇಕು. ಸುಮಾರು ಒಂದು ಗಂಟೆಗೆ ಹಿಗ್ಗಿ ಚೇಂಬರಿನ ನಿಜವಾದ ಅಳತೆಗೆ ಬರುತ್ತದೆ, ಅಳೆಯುವ ಹೊತ್ತು ಅದು. ನಮ್ಮದು 3 ಅಂಗುಲದ್ದು, 1902ರಲ್ಲಿ ಜೆಫ್ರಿ ಕಂಪನಿ ತಂದ ತೋಟಾಕ್ಕೆ ಕೊರೆದದ್ದು.

ನನ್ನ ನಿದ್ದೆ ಕೆಡಿಸಿದ ಸಂಗತಿ ಆಮೇಲೆ ತಿಳಿಯಿತು. 3¼ ಅಂಗುಲದ ರೈಫಲ್ಲುಗಳಲ್ಲಿ ಕಪ್ಪು ಮದ್ದಿನ ಕಾಲದವೂ ಇವೆ, ಕಾರ್ಡೈಟ್ ಎಂಬ ಹೊಗೆರಹಿತ ಮದ್ದಿನ ಕಾಲದವೂ ಇವೆ. ಕಾರ್ಡೈಟಿನ ತೋಟಾ ಕಪ್ಪು ಮದ್ದಿನ ಚೇಂಬರಿಗೆ ಸಲೀಸಾಗಿ ಹೋಗುತ್ತದೆ. ನಳಿಗೆ ಕಾರ್ಡೈಟಿನ ಹೆಚ್ಚಿನ ಒತ್ತಡ ತಡೆಯದೆ ಸೀಳಬಹುದು. ಅಜ್ಜನದು ಅಂಥ ಕೋವಿಯಾಗಿದ್ದರೆ ನಾನು ತಂದ ತೋಟಾ ಒಳಗೆ ಕೂರುತ್ತಿತ್ತು, ನಾನು ಕುದುರೆ ಎಳೆಯುತ್ತಿದ್ದೆ. ಬರೀ 450/400 ಎಂಬ ತಲೆಬರಹ ನೋಡಿ ಮರುತುಂಬುವ ಮದ್ದಿನ ಲೆಕ್ಕ ಹಿಡಿಯಬಾರದು ಎಂದು ಅದಕ್ಕೇ ಈಗ ಎಲ್ಲರಿಗೂ ಹೇಳುತ್ತೇನೆ.

ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ ಆ ರೈಫಲ್ಲಿನ ಈಡು ಕೇಳಬೇಕೆಂದು ದೊಡ್ಡಪ್ಪ ಆಸೆಪಟ್ಟಿದ್ದರು. ತಪ್ಪು ತೋಟಾದ ಹಿಂದೆ ನಾನು ಅಲೆಯುತ್ತಿದ್ದಾಗಲೇ ತೀರಿಕೊಂಡರು. ಸಾವಿನ ಸುದ್ದಿ ಸಾರುವ ಎರಡು ಈಡನ್ನು ಬೇರೆ ಕೋವಿಯಿಂದ ಹಾರಿಸಿದೆವು.

ಅಮೆರಿಕದ ಹಾರ್ನಡಿ ಕಂಪನಿ 3 ಅಂಗುಲದ ತೋಟಾವನ್ನು ಮತ್ತೆ ತಯಾರಿಸಿದೆ. ಪರವಾನಗಿ ಇರುವ ವ್ಯಾಪಾರಿಯ ಮೂಲಕ ತರಿಸಲು ಕೇಳಿದ್ದೇನೆ. ಈ ಸಲ ಅರ್ಜಿಯ ಜೊತೆಗೆ ಚೇಂಬರಿನ ಅಳತೆಯನ್ನೂ ಬರೆದು ಕೊಟ್ಟಿದ್ದೇನೆ.