ಜೋಡಸೂದೊ, ತಗೊಳ್ಳೂದೊ?

ಹತ್ತರಗಿಯವರಿಗೆ ಎರಡು ಪೇಟೆ. ಹೆದ್ದಾರಿ ಹಿಡಿದು ತೆಂಕಣಕ್ಕೆ ಹೋದರೆ ಬೆಳಗಾವಿ, ಬಡಗಣಕ್ಕೆ ಹೋದರೆ ಸಂಕೇಶ್ವರ, ನಿಪ್ಪಾಣಿ ದಾಟಿ ಕೊಲ್ಲಾಪುರ. ಮದುವೆಯ ಜವಳಿ ಇರಲಿ, ಬಾವಿಯ ಮೋಟಾರು ಇರಲಿ, ಎರಡೂ ಕಡೆಯ ದರ ಕೇಳದೆ ನಮ್ಮ ಮಂದಿ ರೊಕ್ಕ ಬಿಚ್ಚುವುದಿಲ್ಲ. ಈಗ ಮೂರನೆಯದೊಂದು ಪೇಟೆ ಮೊಬೈಲಿನೊಳಗೇ ಇದೆ. ಮೂರೂ ಕಡೆ ದರ ಕೇಳುವ ಸಾಮಾನುಗಳ ಸಾಲಿಗೆ ಗೇಮಿಂಗ್ ಕಂಪ್ಯೂಟರ್ ಕೂಡ ಬಂದು ಸೇರಿದೆ. ಕಟ್ಟೆಯ ಮೇಲೆ ಕೂತ ಹುಡುಗರ ಬಾಯಲ್ಲಿ ರ‍್ಯಾಮ್, ಗ್ರಾಫಿಕ್ಸ್ ಕಾರ್ಡು, ಎಫ್‌ಪಿಎಸ್ ಎಂಬ ಮಾತುಗಳು ಕಬ್ಬಿನ ತಳಿಗಳ ಹೆಸರಿನಷ್ಟೇ ಸಲೀಸಾಗಿ ಓಡಾಡುತ್ತಿವೆ.

ನಮ್ಮ ಮನೆಯಲ್ಲೂ ಇದೇ ಮಾತು ನಡೆದಿದೆ. ಅಣ್ಣನ ಮಗ ಪಿಯುಸಿ ಮುಗಿಸಿ ಡಿಗ್ರಿಗೆ ಸೇರಿದ್ದಾನೆ. ಅವನ ವಾದ ಹೀಗೆ: “ಕಾಕಾ, ರೆಡಿ ತಗೊಂಡ್ರ ಒಳಗ ಏನ ಹಾಕ್ಯಾರಂತ ಗೊತ್ತಾಗೂದಿಲ್ಲರಿ. ಜೋಡಿಸಿದ್ರ ಒಂದೊಂದ ಸಾಮಾನೂ ನಾವ ಆರಿಸಬಹುದು.” ಅಣ್ಣನದು ಒಂದೇ ಪ್ರಶ್ನೆ: “ಕೆಟ್ಟಾಗ ಯಾರನ್ನ ಕರೀಬೇಕು?” ತಂದೆ-ಮಗ ಇಬ್ಬರೂ ನನ್ನ ಮುಖ ನೋಡುತ್ತಾರೆ. ಮಗನ ಮಾತಿನಲ್ಲಿ ಉತ್ಸಾಹವಿದೆ, ಅಪ್ಪನ ಪ್ರಶ್ನೆಯಲ್ಲಿ ತೂಕವಿದೆ. ಆದರೆ ಅಪ್ಪನ ಪ್ರಶ್ನೆಗೆ ಸರಿಯಾದ ಉತ್ತರ ಸಿಗುವುದು ಮಗನ ದಾರಿಯಲ್ಲೇ ಎಂದು ನನಗೆ ಅನ್ನಿಸುತ್ತಾ ಬಂದಿದೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಮೊದಲು, ಕಂಪ್ಯೂಟರನ್ನು ಮನೆಯಲ್ಲಿ ಜೋಡಿಸುವುದು ಸಾಧ್ಯವಾದದ್ದಾದರೂ ಹೇಗೆ? ಟಿವಿಯನ್ನಾಗಲಿ ಮೊಬೈಲನ್ನಾಗಲಿ ಯಾರೂ ಬಿಡಿಭಾಗ ತಂದು ಮನೆಯಲ್ಲಿ ಕಟ್ಟುವುದಿಲ್ಲ. 1981ರ ಆಗಸ್ಟ್‌ನಲ್ಲಿ ಐಬಿಎಂ ಕಂಪನಿ ತನ್ನ ಪಿಸಿಯನ್ನು ಮಾರುಕಟ್ಟೆಗೆ ಬಿಟ್ಟಿತು. ತುರ್ತಿನಲ್ಲಿ ಮಾಡಿದ ಯಂತ್ರ ಅದು. ಪೇಟೆಯಲ್ಲಿ ಸಿಗುವ ಬಿಡಿಭಾಗಗಳನ್ನೇ ಹೆಚ್ಚಾಗಿ ಬಳಸಿದ್ದರು, ಅದರ ಸರ್ಕ್ಯೂಟಿನ ನಕ್ಷೆಯನ್ನು ಪುಸ್ತಕ ಮಾಡಿ ಮಾರಿದರು. ಬೇರೆಯವರು ಬಳಸದಂತೆ ಕಾಪಿರೈಟಿನಲ್ಲಿ ಕಟ್ಟಿಟ್ಟದ್ದು ಬಯಾಸ್ ಎಂಬ ಚಿಕ್ಕ ಪ್ರೋಗ್ರಾಮ್ ಒಂದನ್ನೇ. ಅದಕ್ಕೆ ಸರಿಸಮವಾದದ್ದನ್ನು ಕಾಂಪ್ಯಾಕ್ ಕಂಪನಿಯವರು ನಕಲು ಹೊಡೆಯದೆ ಸ್ವಂತವಾಗಿ ಬರೆದುಕೊಂಡರು. ಅಲ್ಲಿಂದ ಬಾಗಿಲು ತೆರೆಯಿತು. 1995ರಲ್ಲಿ ಇಂಟೆಲ್ ಕಂಪನಿ ಎಟಿಎಕ್ಸ್ ಎಂಬ ಅಳತೆಯನ್ನು ಗೊತ್ತುಮಾಡಿತು: ಮದರ್‌ಬೋರ್ಡಿನ ಉದ್ದಗಲ ಎಷ್ಟು, ಸ್ಕ್ರೂ ಎಲ್ಲಿ, ಕರೆಂಟಿನ ವೈರು ಯಾವ ಬದಿಗೆ. ತೈವಾನಿನ ಬೋರ್ಡು, ಅಮೆರಿಕದ ಪ್ರೊಸೆಸರು, ಕೊರಿಯಾದ ರ‍್ಯಾಮು, ಚೀನಾದ ಕ್ಯಾಬಿನೆಟ್ಟು ಬೆಳಗಾವಿಯ ಒಂದು ಚಿಕ್ಕ ಅಂಗಡಿಯಲ್ಲಿ ಒಂದರೊಳಗೊಂದು ಕೂಡುವುದು ಇಂಥ ಒಪ್ಪಂದಗಳ ಬಲದಿಂದ. ಇಪ್ಪತ್ತು ವರ್ಷದ ಹಿಂದೆ ತಾಲೂಕು ಊರುಗಳಲ್ಲಿ ಕಂಪ್ಯೂಟರ್ ಕ್ಲಾಸುಗಳು ಎದ್ದಾಗ ಅಲ್ಲಿದ್ದವೂ ಬಹುಪಾಲು ಅಸೆಂಬಲ್ಡ್ ಯಂತ್ರಗಳೇ. ಅವುಗಳ ಮೇಲೇ ಒಂದು ತಲೆಮಾರು ಟೈಪಿಂಗ್ ಕಲಿಯಿತು, ಕ್ಲಾಸು ಮುಗಿದ ಮೇಲೆ ರೋಡ್ ರ‍್ಯಾಶ್ ಆಡಿತು.

ಜೋಡಿಸುವ ಬುದ್ಧಿ ನಮ್ಮ ಕಡೆ ಹೊಸದಲ್ಲ. ಕಬ್ಬಿನ ಹಂಗಾಮಿನಲ್ಲಿ ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆಯ ದಾರಿಯಲ್ಲಿ ನಿಂತು ನೋಡಿ. ಟ್ರ್ಯಾಕ್ಟರಿನ ಇಂಜಿನ್ ಕಂಪನಿಯದು. ಹಿಂದಿನ ಟ್ರೇಲರ್ ಮಾತ್ರ ಹತ್ತಿರದ ಯಾವುದೋ ವೆಲ್ಡಿಂಗ್ ಶಾಪಿನದು. ಆಕ್ಸಲ್ ಎಷ್ಟು ದಪ್ಪ ಬೇಕು, ಪಾಟಾ ಎಷ್ಟಿರಬೇಕು ಎಂದು ರೈತ ಮುಂದೆ ನಿಂತು ಹೇಳಿ ಮಾಡಿಸಿರುತ್ತಾನೆ. ಮೇಲೆ ಹಾಡಿನ ಪೆಟ್ಟಿಗೆ, ದೀಪದ ಸರ, ಎಲ್ಲ ಹುಡುಗರೇ ಕೂಡಿಸಿದ್ದು. ಟ್ರೇಲರಿನ ಹುಕ್ಕು ಮುರಿದರೆ ರೈತ ಕಂಪನಿಗೆ ಫೋನ್ ಮಾಡುವುದಿಲ್ಲ. ಯಾವ ಕಬ್ಬಿಣ ಎಲ್ಲಿ ಕೂತಿದೆ ಎಂಬುದು ಅವನಿಗೆ ಗೊತ್ತು. ಸಂಜೆಯೊಳಗೆ ಬೆಸುಗೆ ಹಾಕಿಸಿ ಮತ್ತೆ ಲೋಡಿಗೆ ನಿಂತಿರುತ್ತಾನೆ. ಅಣ್ಣನ ಪ್ರಶ್ನೆಗೆ ನನ್ನ ಉತ್ತರ ಇದರಲ್ಲೇ ಇದೆ. ಜೋಡಿಸಿದ ಕಂಪ್ಯೂಟರ್ ಕೆಟ್ಟಾಗ ಕೆಡುವುದು ಒಂದು ಭಾಗ. ರ‍್ಯಾಮ್ ಕೆಟ್ಟರೆ ರ‍್ಯಾಮ್, ಒಳಗಿನ ಭಾಗಗಳಿಗೆ ಕರೆಂಟು ಹಂಚುವ ಎಸ್‌ಎಂಪಿಎಸ್ ಸುಟ್ಟರೆ ಎಸ್‌ಎಂಪಿಎಸ್. ಆ ಒಂದನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಬೆಳಗಾವಿ ಬಸ್ಸು ಹತ್ತಿದರಾಯಿತು.

ವಾರಂಟಿಯ ಲೆಕ್ಕವೂ ಈ ಕಡೆಗೇ ವಾಲುತ್ತದೆ. ಬಿಡಿಯಾಗಿ ಕೊಂಡರೆ ಪ್ರೊಸೆಸರಿಗೆ, ಗ್ರಾಫಿಕ್ಸ್ ಕಾರ್ಡಿಗೆ ಸಾಮಾನ್ಯವಾಗಿ 3 ವರ್ಷ, ಒಳ್ಳೆಯ ಎಸ್‌ಎಂಪಿಎಸ್‌ಗೆ 5ರಿಂದ 10 ವರ್ಷ. ರೆಡಿಮೇಡ್ ಕಂಪ್ಯೂಟರಿಗೆ ಇಡಿಯಾಗಿ 1 ವರ್ಷವೇ ಹೆಚ್ಚು ಕಡೆ. ಮುಂದಿನದಕ್ಕೆ ಬೇರೆ ದುಡ್ಡು. ಮನೆಗೇ ಬಂದು ರಿಪೇರಿ ಮಾಡುವ ಅನುಕೂಲ ನಿಮ್ಮ ಊರಿನ ಪಿನ್‌ಕೋಡಿಗೆ ಇದೆಯೇ ಎಂಬುದನ್ನು ಕೊಳ್ಳುವ ಮೊದಲೇ ಕೇಳಬೇಕು. ಇನ್ನೊಂದು ವಿಷಯ ಜಾಹೀರಾತಿನಲ್ಲಿ ಕಾಣುವುದಿಲ್ಲ. ಕೆಲವು ದೊಡ್ಡ ಕಂಪನಿಗಳ ಡೆಸ್ಕ್‌ಟಾಪಿನಲ್ಲಿ ಮದರ್‌ಬೋರ್ಡು, ಎಸ್‌ಎಂಪಿಎಸ್ ಎರಡೂ ಅವರದೇ ಅಳತೆಯವು. ಮೂರು ವರ್ಷದ ನಂತರ ದೊಡ್ಡ ಕಾರ್ಡು ಹಾಕಬೇಕೆಂದರೆ ಪೇಟೆಯ ಎಸ್‌ಎಂಪಿಎಸ್ ಅದರಲ್ಲಿ ಕೂಡುವುದೇ ಇಲ್ಲ.

ಹಾಗೆಂದು ಕೊಳ್ಳುವವರು ತಪ್ಪು ಮಾಡುತ್ತಾರೆ ಎನ್ನಲಾರೆ. 2021ರಲ್ಲಿ ಒಂದು ಕಾಲ ಬಂದಿತ್ತು. ಕ್ರಿಪ್ಟೊ ನಾಣ್ಯ ಗಣಿಗಾರಿಕೆಗೆಂದು ಜಗತ್ತಿನ ಗ್ರಾಫಿಕ್ಸ್ ಕಾರ್ಡುಗಳನ್ನೆಲ್ಲ ಗೋಣಿಗಟ್ಟಲೆ ಎತ್ತಿಕೊಂಡು ಹೋಗುತ್ತಿದ್ದರು. ಬಿಡಿ ಕಾರ್ಡಿನ ದರ ದುಪ್ಪಟ್ಟಾಗಿತ್ತು. ಆಗ ರೆಡಿ ಕಂಪ್ಯೂಟರಿನೊಳಗೆ ಬರುವ ಕಾರ್ಡೇ ಅಗ್ಗ. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ತನ್ನ ಪದ್ಧತಿ ಬದಲಿಸಿದ ಮೇಲೆ ಆ ಹುಚ್ಚು ಇಳಿಯಿತು, ದುಡಿದು ದಣಿದ ಕಾರ್ಡುಗಳು ಸೆಕೆಂಡ್‌ಹ್ಯಾಂಡ್ ಪೇಟೆಗೆ ಬಂದವು. 2025ರ ಕೊನೆಗೆ ರ‍್ಯಾಮಿನ ಸರದಿ. ಎಐ ನಡೆಸುವ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳತೊಡಗಿದ್ದರಿಂದ ದರ ಏರಿತು. ಆ ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ, ಸಾಮಾನ್ಯ ಗ್ರಾಹಕರಿಗೆ ರ‍್ಯಾಮ್ ಮಾರುತ್ತಿದ್ದ ತನ್ನ ಕ್ರೂಷಿಯಲ್ ಹೆಸರಿನ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಸಾರಿತು. ಹಳೆಯ ದರಕ್ಕೆ ಮೊದಲೇ ಮಾಲು ಕೊಂಡಿಟ್ಟುಕೊಂಡ ದೊಡ್ಡ ಕಂಪನಿಗಳು ಇಂಥ ಹೊತ್ತಿನಲ್ಲಿ ರೆಡಿ ಯಂತ್ರವನ್ನು ಕಮ್ಮಿಗೆ ಕೊಡಬಲ್ಲವು. ಆದ್ದರಿಂದ ಕೊಳ್ಳುವ ವಾರವೇ ಎರಡೂ ಕಡೆಯ ಒಟ್ಟು ಮೊತ್ತ ಕೂಡಿಸಿ ನೋಡಬೇಕು. ಹೋದ ವರ್ಷದ ವಿಡಿಯೊದಲ್ಲಿ ಹೇಳಿದ ದರ ಈ ವರ್ಷಕ್ಕೆ ನಡೆಯುವುದಿಲ್ಲ. ಇನ್ನು ಮನೆ ಬಿಟ್ಟು ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಿ ಹಾಸ್ಟೆಲಿನಲ್ಲಿರುವ ಹುಡುಗನಿಗೆ ಲ್ಯಾಪ್‌ಟಾಪೇ ಸರಿ. ಅದರಲ್ಲಿ ಚರ್ಚೆಗೆ ಎಡೆಯಿಲ್ಲ.

ದುಡ್ಡಿನ ಮಾತು ಬಂದಾಗ ನಮ್ಮಲ್ಲಿ ಅಳತೆ ಕಬ್ಬಿನದು. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ರಸ್ತೆಯಲ್ಲೇ ಕೂತು, ಟನ್ನಿಗೆ 3,500 ಕೇಳಿದರು, ಕೊನೆಗೆ 3,300 ರೂಪಾಯಿಗೆ ಮಾತು ಮುಗಿಯಿತು. ಆ ದರದಲ್ಲಿ 80 ಸಾವಿರದ ಕಂಪ್ಯೂಟರೆಂದರೆ ಸುಮಾರು 24 ಟನ್ ಕಬ್ಬು, ಅದೂ ಗೊಬ್ಬರ, ನೀರು, ಆಳು ಯಾವುದನ್ನೂ ಕಳೆಯದೆ. ಈ ಲೆಕ್ಕವನ್ನು ಅಣ್ಣ ಮಗನ ಮುಂದೆ ಹೇಳಿದ್ದು ಸರಿಯೇ. ಆಟದ ಯಂತ್ರದ ಹಿಂದೆ ಒಂದು ಹೊಲದ ವರ್ಷದ ಬೆವರಿದೆ ಎಂಬುದು ಹುಡುಗನಿಗೆ ತಿಳಿದಿರಬೇಕು. ಹಾಗೆಯೇ ಆಟ ಎಂದರೆ ಹೊತ್ತು ಹಾಳು ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಬೆಂಗಳೂರಿನಲ್ಲಿ ರಾಜೇಶ್ ರಾವ್ ಅವರು 1997ರಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಆಟಗಳ ಕಂಪನಿ ಆರಂಭಿಸಿದಾಗ ದೇಶದಲ್ಲಿ ಅಂಥ ಉದ್ಯೋಗವೇ ಇರಲಿಲ್ಲ. 2019ರಲ್ಲಿ ಅದು ಜಿಟಿಎ ಎಂಬ ಆಟ ತಯಾರಿಸುವ ರಾಕ್‌ಸ್ಟಾರ್ ಬಳಗಕ್ಕೆ ಸೇರಿತು. ಅನಿಮೇಷನ್, ಗೇಮಿಂಗ್ ಉದ್ಯಮಕ್ಕೆಂದೇ ಕರ್ನಾಟಕ ಸರ್ಕಾರ 2012ರಲ್ಲೇ ನೀತಿಯೊಂದನ್ನು ತಂದಿತು. ಆಟವನ್ನು ಆಡುವ ಯಂತ್ರವೇ ಆಟ ಮಾಡುವುದನ್ನು ಕಲಿಯುವ ಯಂತ್ರವೂ ಹೌದು. ಅನಿಮೇಷನ್ ಮಾಡಲು ಬಳಸುವ ಬ್ಲೆಂಡರ್ ಸಾಫ್ಟ್‌ವೇರಿಗೆ ಒಂದು ಪೈಸೆಯನ್ನೂ ಕೊಡಬೇಕಿಲ್ಲ. ಜಿಟಿಎ ನೆನಪಾದದ್ದಕ್ಕೆ ಒಂದು ಮಾತು: ಆರನೆಯ ಭಾಗಕ್ಕೆಂದೇ ಕಂಪ್ಯೂಟರ್ ಕೊಳ್ಳಲು ಹೊರಟವರು ತಡೆಯಿರಿ. ಅದನ್ನು ಘೋಷಿಸಿರುವುದು ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸಿಗೆ.

ಈಗ ಕರೆಂಟು. ಈ ವಿಷಯವನ್ನು ಬೆಂಗಳೂರಿನ ಕಂಪ್ಯೂಟರ್ ಪೇಟೆಯಾದ ಎಸ್‌ಪಿ ರೋಡಿನಲ್ಲಿ ಕೂತು ಸಲಹೆ ಕೊಡುವವರು ಎರಡು ಸಾಲಿನಲ್ಲಿ ಮುಗಿಸುತ್ತಾರೆ, ನಮಗೆ ಅದೇ ಮುಖ್ಯ. ಶಕ್ತಿಯ ಕತೆ ನಮ್ಮ ಸೀಮೆಗೆ ಹೊಸದಲ್ಲ: ಘಟಪ್ರಭೆಯ ನೀರಿನ ಬಲ ಗೋಕಾಕ ಫಾಲ್ಸಿನ ನೂಲಿನ ಗಿರಣಿಗೆ 1887ರಷ್ಟು ಹಿಂದೆಯೇ ದುಡಿದಿತ್ತು. ನಮ್ಮ ಹುಕ್ಕೇರಿ ತಾಲೂಕಿನ ಹಳ್ಳಿಗಳಿಗೆ ವಿದ್ಯುತ್ ಹಂಚುತ್ತಿರುವುದು 1969ರಲ್ಲಿ ಹುಟ್ಟಿದ, ಜನರೇ ಸದಸ್ಯರಾಗಿರುವ ಗ್ರಾಮೀಣ ವಿದ್ಯುತ್ ಸಹಕಾರ ಸಂಘ. ಕರ್ನಾಟಕದಲ್ಲಿ ಅಂಥದ್ದು ಅದೊಂದೇ, ಅದು ನಮ್ಮ ಹೆಮ್ಮೆ. ಆದರೆ ಯಾವ ಸೀಮೆಯ ಯಾವ ಸಂಸ್ಥೆಯ ಲೈನೇ ಇರಲಿ, ಸುತ್ತಲಿನ ಪಂಪ್‌ಸೆಟ್ಟುಗಳು ಒಮ್ಮೆಲೇ ಶುರುವಾದರೆ ವೋಲ್ಟೇಜ್ ಇಳಿಯುತ್ತದೆ, ಒಮ್ಮೆಲೇ ನಿಂತರೆ ಏರುತ್ತದೆ. ಈ ಏರಿಳಿತದ ಪೆಟ್ಟನ್ನು ಮೊದಲು ತಿನ್ನುವುದು ಎಸ್‌ಎಂಪಿಎಸ್. ಅಗ್ಗದ ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬರುವ ಎಸ್‌ಎಂಪಿಎಸ್ ಮೇಲೆ 450 ವ್ಯಾಟ್ ಎಂದು ಚೀಟಿ ಅಂಟಿಸಿದ್ದರೂ ನಂಬಬಾರದು. ಅದು ಸಾಯುವಾಗ ಮದರ್‌ಬೋರ್ಡನ್ನೂ ಜೊತೆಗೆ ಕರೆದುಕೊಂಡು ಹೋಗಬಹುದು. ಹುಡುಗರು ಪಟ್ಟಿ ಬರೆಯುವಾಗ ಗ್ರಾಫಿಕ್ಸ್ ಕಾರ್ಡನ್ನು ಮೊದಲು ಬರೆಯುತ್ತಾರೆ, ಉಳಿದ ದುಡ್ಡಿನಲ್ಲಿ ಎಸ್‌ಎಂಪಿಎಸ್. ನಮ್ಮ ಕಡೆ ಪಟ್ಟಿಯನ್ನು ತಿರುವಿ ಬರೆಯಬೇಕು: ಮೊದಲು ಮನೆಗೆ ಸರಿಯಾದ ಅರ್ಥಿಂಗ್, ಆಮೇಲೆ ಯುಪಿಎಸ್, ಆಮೇಲೆ 80 ಪ್ಲಸ್ ಗುರುತಿನ ಎಸ್‌ಎಂಪಿಎಸ್, ಉಳಿದದ್ದರಲ್ಲಿ ಮಿಕ್ಕ ಸಾಮಾನು.

ಯುಪಿಎಸ್‌ನಲ್ಲೂ ಒಂದು ಸೂಕ್ಷ್ಮವಿದೆ. ಪೇಟೆಯಲ್ಲಿ ಹೆಚ್ಚಾಗಿ ಸಿಗುವ 600 ವಿಎ ಯುಪಿಎಸ್ ಹೊರುವುದು ಸುಮಾರು 360 ವ್ಯಾಟ್. ಆಫೀಸಿನ ಕಂಪ್ಯೂಟರಿಗೆ ಅದು ಸಾಕು. ಆಟದ ನಡುವೆ ಕಾರ್ಡು, ಪ್ರೊಸೆಸರು ಎರಡೂ ಜೋರು ಹಿಡಿದಾಗ ಕರೆಂಟು ಹೋದರೆ ಅದೂ ಕೈಬಿಡುತ್ತದೆ. 1,100 ವಿಎಯಷ್ಟಾದರೂ ಬೇಕು. ಮನೆಯ ಇನ್ವರ್ಟರ್ ಮೇಲೆ ನಡೆಸುವವರು ಅದು ಸೈನ್‌ವೇವ್ ಹೌದೋ ಅಲ್ಲವೋ ನೋಡಿಕೊಳ್ಳಬೇಕು. ಚೌಕ ಅಲೆಯ ಹಳೆಯ ಇನ್ವರ್ಟರಿನ ಮೇಲೆ ಹೊಸ ಬಗೆಯ ಒಳ್ಳೆಯ ಎಸ್‌ಎಂಪಿಎಸ್‌ಗಳು ಕೆಲವೊಮ್ಮೆ ತಟ್ಟನೆ ಬಂದ್ ಆಗುತ್ತವೆ. ಬಿಲ್ಲಿನ ಲೆಕ್ಕ ಸರಳ. ಆಡುವಾಗ 400 ವ್ಯಾಟ್ ಎಳೆಯುವ ಯಂತ್ರ ದಿನಕ್ಕೆ 4 ತಾಸು ನಡೆದರೆ ತಿಂಗಳಿಗೆ 48 ಯೂನಿಟ್. ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ಮನೆಯ ಹಳೆಯ ಸರಾಸರಿ ನೋಡಿ ಉಚಿತ ಯೂನಿಟ್ ನಿಗದಿಯಾಗಿರುವುದರಿಂದ, ಹಿಂದೆ ಕಡಿಮೆ ಕರೆಂಟು ಸುಟ್ಟ ಮನೆಗೆ ಈ ಹೆಚ್ಚಳ ಬಿಲ್ಲಿನಲ್ಲಿ ಎದ್ದು ಕಾಣುತ್ತದೆ. ಇದನ್ನು ಅವ್ವಂದಿರಿಗೆ ಮೊದಲೇ ಹೇಳಿಡುವುದು ಒಳ್ಳೆಯದು.

ಜೋಡಿಸುವ ಕೆಲಸದ ಬಗ್ಗೆ ಇರುವ ಅಂಜಿಕೆ ಬೇಡ. ಬೇಕಾಗುವುದು ಒಂದು ಸ್ಕ್ರೂಡ್ರೈವರ್, ಒಳ್ಳೆಯ ಬೆಳಕು, ಸಮಾಧಾನ. ಪ್ರೊಸೆಸರಿನ ಮೂಲೆಯ ಚಿನ್ನದ ಬಣ್ಣದ ತ್ರಿಕೋನ, ಸಾಕೆಟಿನ ತ್ರಿಕೋನ ಒಂದೇ ಕಡೆ ಬರಬೇಕು, ಕೂರಿಸುವಾಗ ಒತ್ತಬಾರದು. ರ‍್ಯಾಮನ್ನು ಮಾತ್ರ ಟಕ್ ಎನ್ನುವವರೆಗೆ ಒತ್ತಬೇಕು. ಗ್ರಾಫಿಕ್ಸ್ ಕಾರ್ಡು ಇದ್ದರೆ ಮಾನಿಟರಿನ ವೈರನ್ನು ಮದರ್‌ಬೋರ್ಡಿಗೆ ಚುಚ್ಚದೆ ಆ ಕಾರ್ಡಿಗೇ ಚುಚ್ಚಬೇಕು. ಧೈರ್ಯ ಸಾಲದಿದ್ದರೆ ನಡುವಿನ ದಾರಿಯೊಂದಿದೆ: ಸಾಮಾನು ಕೊಂಡ ಅಂಗಡಿಯಲ್ಲೇ ಜೋಡಿಸಿಕೊಡಲು ಕೇಳುವುದು, ಹುಡುಗ ಪಕ್ಕದಲ್ಲಿ ನಿಂತು ಕಣ್ಣಾರೆ ನೋಡುವುದು, ಖಾಲಿ ಡಬ್ಬಿಗಳನ್ನೂ ಪ್ರತಿ ಭಾಗದ ನಂಬರ್ ಬರೆದ ಜಿಎಸ್‌ಟಿ ಬಿಲ್ಲನ್ನೂ ಮನೆಗೆ ತರುವುದು. ಹಾಗೆ ಒಮ್ಮೆ ನೋಡಿದವನು ಮುಂದಿನ ಸಲ ತಾನೇ ಬಿಚ್ಚಿ ಧೂಳು ಹೊಡೆಯುತ್ತಾನೆ. ಧೂಳಂತೂ ನಮ್ಮಲ್ಲಿ ಬರಗಾಲವಿಲ್ಲದ ಬೆಳೆ. ಕಬ್ಬಿನ ಹಂಗಾಮಿನಲ್ಲಿ ರಸ್ತೆಯ ಮಣ್ಣು ಕಿಟಕಿ ಮುಚ್ಚಿದರೂ ಒಳಗೆ ಬರುತ್ತದೆ. ಮುಂಭಾಗವೆಲ್ಲ ಗಾಜಿರುವ, ದೀಪ ಮಿನುಗುವ ಕ್ಯಾಬಿನೆಟ್ಟಿಗಿಂತ ಜಾಳಿಗೆಯಿದ್ದು, ತೆಗೆದು ತೊಳೆಯಬಹುದಾದ ಫಿಲ್ಟರ್ ಇರುವ ಕ್ಯಾಬಿನೆಟ್ಟು ಮೇಲು. ಇದೊಂದು ವಿಷಯದಲ್ಲಿ ಅಣ್ಣನ ಮಗ ಇನ್ನೂ ಒಪ್ಪಿಲ್ಲ.

ಉಳಿದದ್ದರಲ್ಲಿ ಒಪ್ಪಂದ ಆಗಿದೆ. ಒಂದೇ ಸಲಕ್ಕೆ 80 ಸಾವಿರ ಹಾಕುವುದಿಲ್ಲ. ಈ ಸಲ ಒಳಗೇ ಗ್ರಾಫಿಕ್ಸ್ ಇರುವ ರೈಜನ್ 5 8600ಜಿಯಂಥ ಪ್ರೊಸೆಸರು, ಎಎಂ5 ಸಾಕೆಟಿನ ಬೋರ್ಡು, ಮುಂದಿನದನ್ನೂ ಹೊರಬಲ್ಲ ಎಸ್‌ಎಂಪಿಎಸ್, ಯುಪಿಎಸ್. ಇಷ್ಟರಲ್ಲಿ ಸಣ್ಣಪುಟ್ಟ ಆಟಗಳು ಚೆನ್ನಾಗಿಯೇ ನಡೆಯುತ್ತವೆ, ಓದಿನ ಕೆಲಸವೂ ಆಗುತ್ತದೆ. ಎಎಂಡಿ ಕಂಪನಿ ತನ್ನ ಹಿಂದಿನ ಎಎಂ4 ಸಾಕೆಟಿಗೆ 2016ರಿಂದ 2025ರವರೆಗೂ ಹೊಸ ಪ್ರೊಸೆಸರುಗಳನ್ನು ಬಿಡುತ್ತಾ ಬಂದದ್ದನ್ನು ನೋಡಿದರೆ, ಈ ಬೋರ್ಡೂ ಬೇಗ ಹಳತಾಗಲಾರದು. ಗ್ರಾಫಿಕ್ಸ್ ಕಾರ್ಡು ಮುಂದಿನ ಹಂಗಾಮಿನ ಬಿಲ್ಲು ಬಂದ ಮೇಲೆ, ಆಗಿನ ದರ ಬೆಳಗಾವಿಯಲ್ಲೂ ಕೊಲ್ಲಾಪುರದಲ್ಲೂ ಕೇಳಿ. ರೆಡಿ ಕಂಪ್ಯೂಟರಿಗೆ ಹೀಗೆ ಎರಡು ಕಂತಿನಲ್ಲಿ, ಸಾಲ ಮಾಡದೆ ದುಡ್ಡು ಹಾಕಲು ಬರುವುದಿಲ್ಲ ಎಂದು ನಾನು ಹೇಳಿದಾಗ ಅಣ್ಣ ತಲೆದೂಗಿದ. “ಹಂಗಾರ ಆ ಅರ್ಥಿಂಗ್ ಕೆಲಸಾ ನಾಳೇನ ಮಾಡಸೋಣ” ಎಂದ.