ಮುನ್ನರಿವೂ ತೀರ್ಪೂ



ನಮ್ಮ ಹುಟ್ಟೂರು ಬಸವಾಪಟ್ಟಣ. ಅಲ್ಲಿರುವ ನಮ್ಮ ತಾಯಿಯವರಿಗೆ ಬಹು ವರ್ಷಗಳಿಂದ ಸಕ್ಕರೆ ಕಾಯಿಲೆಯುಂಟು. ಕಳೆದ ವರ್ಷ ಅವರ ಬಲಗಣ್ಣಿನ ಹಿಂಭಾಗದ ಅಕ್ಷಿಪಟಲದ ಮೇಲೆ ಗಾಯದ ಕಲೆಯಂಥ ಪೊರೆ ಬೆಳೆದು, ದೃಷ್ಟಿ ಕುಂದಿತು. ಬೆಂಗಳೂರಿನ ವೈದ್ಯರು ಶಸ್ತ್ರಚಿಕಿತ್ಸೆಯಿಂದ ಅದನ್ನು ತೆಗೆಯಬಹುದೆಂದರು. "ಆಮೇಲೆ ಕಾಣ್ತತೋ ಇಲ್ಲೋ, ಅಷ್ಟು ಹೇಳ್ರಿ ಡಾಕ್ಟ್ರೇ" ಎಂದು ತಾಯಿಯವರು ಕೇಳಿದರು. ರಕ್ತಸಂಚಾರವು ಎಷ್ಟರಮಟ್ಟಿಗೆ ಸುಧಾರಿಸುವುದೆಂದು ಮೊದಲೇ ಖಂಡಿತವಾಗಿ ಹೇಳಲಾಗದೆಂದು ವೈದ್ಯರು ಉತ್ತರವಿತ್ತರು.

ನಮ್ಮ ಸೀಮೆಯವರಿಗೆ ಇದನ್ನು ಗ್ರಹಿಸುವುದು ಕಷ್ಟವಲ್ಲ. ಸೂಳೆಕೆರೆಯ ತೂಬು ತೆರೆದಿದ್ದರೂ ಕಾಲುವೆಯಲ್ಲಿ ಹೂಳು ತುಂಬಿದರೆ ಕೊನೆಯ ಗದ್ದೆಗೆ ನೀರು ಮುಟ್ಟದು. ಹಾಗೆಯೇ ಸಕ್ಕರೆ ಕಾಯಿಲೆಯು ಅಕ್ಷಿಪಟಲದ ಅತಿ ಸಣ್ಣ ರಕ್ತನಾಳಗಳನ್ನು ಮುಚ್ಚಿಬಿಡುತ್ತದೆ. ಒಂದೇ ಸ್ಥಳವನ್ನು ಬೆಳಕಿನಿಂದ ಮರಳಿ ಮರಳಿ ಚಿತ್ರಿಸಿ, ಚಲಿಸುವ ರಕ್ತಕಣಗಳಿಂದುಂಟಾಗುವ ವ್ಯತ್ಯಾಸವನ್ನು ಹಿಡಿದು, ರಕ್ತ ಹರಿಯುವ ನಾಳಗಳ ನಕ್ಷೆಯನ್ನು ಈಗ ತೆಗೆಯುತ್ತಾರೆ. ಬಣ್ಣದ ಔಷಧವನ್ನು ಚುಚ್ಚುವ ಅವಶ್ಯವಿಲ್ಲ.

ಅನೇಕ ರೋಗಿಗಳ ಚಿಕಿತ್ಸೆಗೆ ಮುಂಚಿನ ನಕ್ಷೆಗಳನ್ನೂ ತರುವಾಯದ ನಕ್ಷೆಗಳನ್ನೂ ಗಣಕಯಂತ್ರಕ್ಕೆ ಒದಗಿಸಿ ಕಲಿಸಿದರೆ, ಹೊಸ ರೋಗಿಯ ವಿಷಯದಲ್ಲಿ ಅದು ಊಹೆಯನ್ನು ಹೇಳಬಲ್ಲದು. ಇದಕ್ಕೆ ಯಂತ್ರಕಲಿಕೆಯೆಂದು ಹೆಸರು. 2016ರಲ್ಲಿ ಗೂಗಲ್ ಸಂಸ್ಥೆಯ ಸಂಶೋಧಕರು ಅಕ್ಷಿಪಟಲದ 1,28,175 ಚಿತ್ರಗಳಿಂದ ಯಂತ್ರಕ್ಕೆ ಪಾಠ ಹೇಳಿದ ವರದಿಯನ್ನು ಪ್ರಕಟಿಸಿದರು. ಚಿತ್ರಗಳನ್ನು ಒದಗಿಸಿದವರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯವೂ ಒಂದು. ಒಂದೊಂದು ಚಿತ್ರವನ್ನೂ 3ರಿಂದ 7 ಮಂದಿ ವೈದ್ಯರು ಪರಿಶೀಲಿಸಿದ್ದರು. ಆದರೆ ಅದು ಈಗಾಗಲೇ ಇರುವ ರೋಗವನ್ನು ಗುರುತಿಸುವ ಕೆಲಸ. ಚಿಕಿತ್ಸೆಯ ಬಳಿಕ ಆಗುವುದನ್ನು ಹೇಳುವುದು ಇನ್ನೂ ಕಠಿನ. ಉತ್ತರಪತ್ರಿಕೆಯನ್ನು ತಿದ್ದುವುದು ಬೇರೆ, ಮುಂದಿನ ವರ್ಷದ ಫಲಿತಾಂಶವನ್ನು ಹೇಳುವುದು ಬೇರೆ.

ಇದನ್ನು ಬರೆಯುವಾಗ ನಮ್ಮ ಮನಸ್ಸು ನೋಯುತ್ತದೆ. ನಾವು ಈ ಶಾಲೆಗೆ ಉಪಾಧ್ಯಾಯಿನಿಯಾಗಿ ಬಂದ ಹೊಸತರಲ್ಲಿ ಒಬ್ಬ ಬಾಲಿಕೆಯ ಅಂಕಗಳನ್ನು ನೋಡಿ, ಇವಳು ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾಗಲಾರಳೆಂದು ಆಕೆಯ ತಂದೆಯವರಿಗೆ ಹೇಳಿದೆವು. ಮರುವಾರವೇ ಅವರು ಮಗಳನ್ನು ಶಾಲೆ ಬಿಡಿಸಿದರು. ಆಕೆ ತೇರ್ಗಡೆಯಾಗಲಿಲ್ಲವೆಂಬುದು ನಿಜ, ಪರೀಕ್ಷೆಗೇ ಕೂಡಲಿಲ್ಲ.

ಆದಕಾರಣ, ರಕ್ತಸಂಚಾರ ಕಡಿಮೆಯಾದೀತೆಂದು ಯಂತ್ರವು ಹೇಳಿದರೆ, ಆ ರೋಗಿಯನ್ನು ಹೆಚ್ಚು ಜಾಗರೂಕತೆಯಿಂದ ನೋಡಬೇಕೆಂದೂ ಪುನಃ ಪುನಃ ಪರೀಕ್ಷೆಗೆ ಕರೆಯಬೇಕೆಂದೂ ತಿಳಿಯತಕ್ಕದ್ದು. ಪ್ರಯತ್ನವೇ ವ್ಯರ್ಥವೆಂದು ತಿಳಿದರೆ, ನಾವು ಮಾಡಿದ ತಪ್ಪನ್ನೇ ಮಾಡಿದಂತಾಗುವುದು.

ತಾಯಿಯವರ ಚಿಕಿತ್ಸೆ ನಡೆಯಿತು. ಈಗ ಅವರು ದೊಡ್ಡಕ್ಷರಗಳನ್ನು ಓದಬಲ್ಲರು. ಸೂಜಿಗೆ ದಾರ ಪೋಣಿಸಲಾರರು. ವೈದ್ಯರು ಗೊತ್ತುಮಾಡಿದ ದಿನಗಳಲ್ಲಿ ತಪ್ಪದೆ ಕರೆದುಕೊಂಡು ಹೋಗುತ್ತೇವೆ. ಸಕ್ಕರೆ ಕಾಯಿಲೆಯುಳ್ಳ ಪೋಷಕರು, ಕಣ್ಣು ಚೆನ್ನಾಗಿ ಕಾಣುತ್ತಿದ್ದಾಗ್ಯೂ, ವರ್ಷಕ್ಕೊಮ್ಮೆಯಾದರೂ ಅಕ್ಷಿಪಟಲವನ್ನು ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಬಿನ್ನವಿಸುತ್ತೇವೆ.

ಅಂದು ಶಾಲೆ ಬಿಟ್ಟ ಆ ಬಾಲಿಕೆಯ ಕೈಗೆ ಈ ಸಂಚಿಕೆ ಹೇಗಾದರೂ ಸೇರಿದರೆ, ಆಕೆ ಒಮ್ಮೆ ನಮ್ಮ ಬಳಿಗೆ ಬರಲಿ. ಕ್ಷಮೆ ಕೇಳುವ ಋಣ ನಮ್ಮದಾಗಿದೆ.