ಜೋಲು ತಂತಿಯ ಲೆಕ್ಕ

ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿದು ಮೂರ್ನಾಲ್ಕು ತಿಂಗಳಾದ ಮೇಲೆ ತಿಕೋಟಾ ಕಡೆಯ ದ್ರಾಕ್ಷಿ ಪಡಗಳನ್ನು ನೋಡಬೇಕು. ಕಾಯಿಗೆ ರಸ ತುಂಬಿ ಬಳ್ಳಿಯ ಭಾರವೆಲ್ಲ ತಂತಿಯ ಮೇಲೆ ಬಂದಿರುತ್ತದೆ. ನೋಡಲು ಬಂದವರೆಲ್ಲ ಗೊಂಚಲ ಮುಂದೆ ನಿಲ್ಲುತ್ತಾರೆ. ನನ್ನ ಕಣ್ಣು ಮಾತ್ರ ತಂತಿಗೆ ಹೋಗುತ್ತದೆ, ಅಲ್ಲಿಂದ ಕಂಬಕ್ಕೆ. ಸಾಲಿನ ನಡುವಿನ ಕಂಬಗಳು ನೆಟ್ಟಗೆ ನಿಂತಿವೆ. ತುದಿಯ ಕಂಬವೊಂದೇ ಹೊರಕ್ಕೆ ವಾಲಿದೆ. ಅದರ ಬೆನ್ನಿಗೆ ಇನ್ನೊಂದು ತಂತಿ ಬಿಗಿದು ನೆಲದಲ್ಲಿ ಹುಗಿದ ಕಲ್ಲಿಗೆ ಕಟ್ಟಿದ್ದಾರೆ. ನಡುವಿನ ಕಂಬವನ್ನು ಆಚೆಯ ತಂತಿ ಎಷ್ಟು ಜಗ್ಗುತ್ತದೋ ಈಚೆಯದೂ ಅಷ್ಟೇ ಜಗ್ಗುತ್ತದೆ. ತುದಿಯದಕ್ಕೆ ಜಗ್ಗುವವರು ಒಂದೇ ಕಡೆ. ಇನ್ನೊಂದು ಕಡೆಯ ಕೆಲಸಕ್ಕೆ ಕಲ್ಲು ಬೇಕಾಯಿತು.

ತಂತಿಯನ್ನು ಇನ್ನಷ್ಟು ಬಿಗಿದು ಗೆರೆ ಎಳೆದಂತೆ ನೇರ ಮಾಡಬಹುದಲ್ಲ ಎಂದು ಪಡದ ಮಾಲೀಕರನ್ನು ಕೇಳಿದೆ. “ಬ್ಯಾಡ್ರೀ. ಭಾಳ ಜಗ್ಗಿದ್ರ ಕಾಯಿ ಬಂದಾಗ ಹರಕೊಂಡು ಬೀಳ್ತೈತಿ. ಒಂಚೂರು ಜೋಲು ಇರಬೇಕು” ಎಂದರು. ಆ ಮಾತನ್ನು ಕಾಗದದ ಮೇಲೆ ಇಳಿಸುವುದರಲ್ಲಿ ನನಗೊಂದು ಸಂತೋಷವಿದೆ.

ಎರಡು ಕಂಬಗಳ ನಟ್ಟನಡುವೆ ಹತ್ತು ಕಿಲೋ ಭಾರ ತೂಗುತ್ತಿದೆ ಅನ್ನಿ. ತಂತಿಯ ಸ್ವಂತ ತೂಕ ಬಿಟ್ಟುಬಿಡೋಣ. ಭಾರ ಕೆಳಕ್ಕೆ ಎಳೆಯುತ್ತದೆ. ಅದನ್ನು ಎತ್ತಿಹಿಡಿಯುವುದು ತಂತಿಯ ಎರಡು ತುಂಡುಗಳು. ಅವು ಓರೆಯಾಗಿ ಎಳೆಯುವುದರಿಂದ ಎಳೆತದ ಒಂದು ಪಾಲು ಮಾತ್ರ ಮೇಲಕ್ಕೆ ಸಲ್ಲುತ್ತದೆ. ಆ ಪಾಲನ್ನು ಹೇಳುವುದೇ ಸೈನ್. ತಂತಿ ಮಟ್ಟದಿಂದ 30 ಡಿಗ್ರಿ ಇಳಿದಿದ್ದರೆ ಸೈನ್ ಬೆಲೆ ಅರ್ಧ, ಒಂದೊಂದು ತುಂಡಿನ ಎಳೆತ ಹತ್ತು ಕಿಲೋ ಭಾರದಷ್ಟೇ. 5 ಡಿಗ್ರಿಗೆ ಬಿಗಿದರೆ ಐವತ್ತೇಳು ಕಿಲೋ. 1 ಡಿಗ್ರಿಗೆ ಬಿಗಿದರೆ ಇನ್ನೂರ ಎಂಬತ್ತಾರು! ಪೂರ್ತಿ ನೇರವಾಗಿಸಲು ಹೊರಟರೆ ಸೈನ್ ಸೊನ್ನೆಗೆ ಇಳಿಯುತ್ತದೆ, ಎಳೆತಕ್ಕೆ ಮಿತಿಯೇ ಇರುವುದಿಲ್ಲ. ಹೊರೆ ಹೊತ್ತ ಯಾವ ಅಡ್ಡ ತಂತಿಯೂ, ಅದು ಎಂಥ ಉಕ್ಕಿನದಾದರೂ, ಪೂರ್ತಿ ನೇರ ನಿಲ್ಲಲಾರದು.

ಪಿಯುಸಿ ಹುಡುಗರಿಗೆ ಈ ಸೈನ್ ಗಣಿತದ ತಾಸಿನಲ್ಲಿ ಸಿಗುತ್ತದೆ, ಎಳೆತ ಭೌತಶಾಸ್ತ್ರದ ತಾಸಿನಲ್ಲಿ. ಎರಡೂ ಒಂದೇ ತಂತಿಯ ಮೇಲೆ ಕೂತಿವೆ ಎಂದು ಹೇಳಲು ಯಾರಿಗೂ ಪುರುಸೊತ್ತಿಲ್ಲ. ಆ ಹುಡುಗರಿಗೆ ಸೂತ್ರಗಳು ಬಾಯಿಪಾಠವಿರುತ್ತವೆ, ಬೀಜಗಣಿತವೂ ಚುರುಕು. ಆದರೂ ಲೆಕ್ಕ ಓದಿದ ಕೂಡಲೇ ಯಾವ ಸೂತ್ರ ಹಾಕಲಿ ಎಂದು ಹುಡುಕುತ್ತಾರೆ. ಯಾವ ವಸ್ತುವಿನ ಬಗ್ಗೆ ಮಾತು ಎಂದು ಮೊದಲು ಕೇಳಿಕೊಳ್ಳಬೇಕು. ಅದೊಂದನ್ನೇ ಉಳಿದ ಲೋಕದಿಂದ ಬಿಡಿಸಿ ಬರೆದು, ಅದನ್ನು ಮುಟ್ಟಿದ್ದು ಏನೇನು, ಯಾವುದು ಎತ್ತ ನೂಕುತ್ತದೆ, ಯಾವುದು ಎತ್ತ ಎಳೆಯುತ್ತದೆ ಎಂದು ಬಾಣ ಹಾಕಬೇಕು. ಭೂಮಿಯ ಸೆಳೆತಕ್ಕೆ ಮಾತ್ರ ಮುಟ್ಟುವ ಹಂಗಿಲ್ಲ. ಬಾಣಗಳೆಲ್ಲ ಕೂತ ಮೇಲೆ ಸಮೀಕರಣ ತಾನೇ ಬರುತ್ತದೆ. ಕಠಿಣ ಎನ್ನುವ ಲೆಕ್ಕಗಳಲ್ಲಿ ಕಠಿಣವಾಗಿರುವುದು ಬಹುಪಾಲು ಈ ಚಿತ್ರವೇ ಎಂದು ನಾನು ದೃಢವಾಗಿ ನಂಬಿದ್ದೇನೆ.

ಬಾಣವೇ ಬೇಕಿಲ್ಲದ ಲೆಕ್ಕಗಳೂ ಇವೆ. ಗಣಿತಜ್ಞ ಭಾಸ್ಕರಾಚಾರ್ಯರು ತಮ್ಮ ಊರು ವಿಜ್ಜಲವಿಡ ಎಂದು ಬರೆದರು. ಅದು ನಮ್ಮ ವಿಜಯಪುರವೇ ಎನ್ನುವ ವಿದ್ವಾಂಸರಿದ್ದಾರೆ, ಚಾಳೀಸಗಾಂವದ ಕಡೆಗೆ ಬೆರಳು ತೋರಿಸುವವರೂ ಇದ್ದಾರೆ. ಅವರ ‘ಲೀಲಾವತಿ’ಯಲ್ಲಿ ಒಂಬತ್ತು ಮೊಳದ ಕಂಬದ ಮೇಲೊಂದು ನವಿಲು ಕೂತಿದೆ, ಕಂಬದ ಬುಡದಲ್ಲಿರುವ ಬಿಲಕ್ಕೆ ಇಪ್ಪತ್ತೇಳು ಮೊಳ ದೂರದಿಂದ ಹಾವು ಬರುತ್ತಿದೆ. ಇಬ್ಬರೂ ಸಮ ದೂರ ಸಾಗಿದರೆ ಬಿಲದಿಂದ ಹನ್ನೆರಡು ಮೊಳದಲ್ಲಿ ಸಂಧಿಸುತ್ತಾರೆ. ಎಷ್ಟು ಚೆಲುವಾದ ಲೆಕ್ಕ! ಅದರಲ್ಲಿ ಚಲನೆಯಿದೆ, ಬಲವಿಲ್ಲ. ನವಿಲಿನ ತೂಕವನ್ನು ಯಾರೂ ಕೇಳುವುದಿಲ್ಲ. ತೂಕ ಕೇಳಿದ ಕ್ಷಣ ಇನ್ನೊಂದು ಅಧ್ಯಾಯ ತೆರೆಯುತ್ತದೆ.

ಬಬಲೇಶ್ವರದ ಕಡೆ ಹೋದರೆ ಆ ಅಧ್ಯಾಯ ಕಾಲುವೆಯಲ್ಲಿ ಹರಿಯುತ್ತದೆ. ತುಬಚಿ-ಬಬಲೇಶ್ವರ ಏತ ನೀರಾವರಿ ಕೃಷ್ಣೆಯನ್ನು ಜಮಖಂಡಿ ಕಡೆಯಿಂದ ಮೇಲಕ್ಕೆ ತರುತ್ತದೆ. ಒಂದು ಘನಮೀಟರ್ ನೀರನ್ನು ನೂರು ಮೀಟರ್ ಎತ್ತಲು ಏನಿಲ್ಲವೆಂದರೂ 9.8 ಲಕ್ಷ ಜೂಲ್ ಬೇಕು. ಕರೆಂಟಿನ ಲೆಕ್ಕದಲ್ಲಿ ಕಾಲು ಯೂನಿಟ್‌ಗೆ ತುಸು ಹೆಚ್ಚು.

ಆದರೆ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸುವುದು ಗೋಳಗುಮ್ಮಟ. 1656ರಲ್ಲಿ ಅದನ್ನು ಕಟ್ಟಿಸಿದ ಸುಲ್ತಾನ ಮುಹಮ್ಮದ್ ಆದಿಲ್ ಶಾಹ ತೀರಿಕೊಂಡಾಗ ಅದರ ಕೆಲಸ ಮುಗಿಯುವ ಹಂತದಲ್ಲಿತ್ತು. ಬಲದ ನಿಯಮಗಳನ್ನು ಹೇಳಿದ ನ್ಯೂಟನ್ನನ ‘ಪ್ರಿನ್ಸಿಪಿಯಾ’ ಬಂದದ್ದು ಆಮೇಲೆ, 1687ರಲ್ಲಿ. ತೂಗುವ ಸರಪಳಿಯನ್ನು ತಲೆಕೆಳಗು ಮಾಡಿದರೆ ಕಮಾನಿನ ಸರಿಯಾದ ಆಕಾರ ಸಿಗುತ್ತದೆ ಎಂದು ರಾಬರ್ಟ್ ಹುಕ್ ಸೂಚಿಸಿದ್ದು ಆ ನಡುವೆ, 1675ರಲ್ಲಿ. ತಿಕೋಟಾದ ತಂತಿ ಕಂಬಗಳನ್ನು ಒಳಕ್ಕೆ ಎಳೆಯುತ್ತದೆ. ಗುಮ್ಮಟ ತನ್ನ ಬುಡವನ್ನು ಹೊರಕ್ಕೆ ನೂಕುತ್ತದೆ. ಹೊರಗಿನಿಂದ ಸುಮಾರು 44 ಮೀಟರ್ ವ್ಯಾಸದ ಆ ಭಾರ ಗೋಡೆಗಳನ್ನು ಸೀಳದಂತೆ ತಡೆದದ್ದು ಹೇಗೆ? ಒಂದನ್ನೊಂದು ಹಾಯ್ದು ಹೋಗುವ ಎಂಟು ಕಮಾನುಗಳು ಚೌಕವನ್ನು ವೃತ್ತಕ್ಕೆ ತರುತ್ತ ಒಳಮುಖವಾಗಿ ಚಾಚಿಕೊಂಡಿವೆ. ಹಾಗೆ ಚಾಚಿದ ಕಟ್ಟಡದ ತೂಕ ಒಳಕ್ಕೆ ಎಳೆದು, ಗುಮ್ಮಟದ ಹೊರನೂಕನ್ನು ತಡೆಯುತ್ತದೆ.

ಪಿಸುಮಾತಿನ ಗ್ಯಾಲರಿಗೆ ಹತ್ತುವ ಹುಡುಗರು ಕೂಗಿ ಪ್ರತಿಧ್ವನಿ ಕೇಳಲಿ, ಅದು ಅವರ ಹಕ್ಕು. ಆಮೇಲೆ ಒಂದು ಹಾಳೆ ತೆಗೆದು ಗುಮ್ಮಟದ ಅಂಚಿನ ಒಂದೇ ಒಂದು ಇಟ್ಟಿಗೆಯನ್ನು ಬಿಡಿಸಿ ಬರೆಯಲಿ. ಅದರ ತೂಕ ಕೆಳಕ್ಕೆ, ಮೇಲಿನ ಇಟ್ಟಿಗೆಯ ಒತ್ತು ಓರೆಯಾಗಿ, ಕೆಳಗಿನದರ ಆಸರೆ, ಎಡಬಲದ ಇಟ್ಟಿಗೆಗಳ ಹಿಡಿತ. ಯಾವ ಬಾಣ ಎಷ್ಟು ಉದ್ದ ಎಂದು ಜಗಳವಾಡಲಿ.